ಹಕ್ಕಿ ಎಲ್ಲಿ ಉಂಡಿತು, ಎಲ್ಲಿ ಕೂತಿತು: ಕೆರೆಯ ನೀರಿಗೆ ಸೇರುವ ಗೊಬ್ಬರದ ಲೆಕ್ಕ

ಭಾದ್ರಪದದ ಒಂದು ಮುಂಜಾನೆ ಬಾಗಲಕೋಟೆ ಜಿಲ್ಲೆಯ ಒಂದು ಊರ ಕೆರೆಯ ಏರಿಯ ಮೇಲೆ ನಿಂತಿದ್ದೆ. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಗೂಡು ಕಟ್ಟಿದ ಜಾಗದ ಸುದ್ದಿ ಹಬ್ಬಿದರೆ ಕ್ಯಾಮೆರಾ ಹಿಡಿದವರು ಗಿಡದ ಬುಡಕ್ಕೇ ಹೋಗುತ್ತಾರೆ. ತಾಯಿ ಹಕ್ಕಿ ಗೂಡು ಬಿಟ್ಟು ಏಳುತ್ತದೆ, ಅಷ್ಟರಲ್ಲಿ ಕಾಗೆ ಬಂದು ಮೊಟ್ಟೆ ಎತ್ತಿಕೊಂಡು ಹೋಗುತ್ತದೆ.

ಏರಿಯಿಂದ ಕಲ್ಲೆಸೆತದ ದೂರದಲ್ಲಿ, ನೀರಿನಲ್ಲೇ ನಿಂತ ಹತ್ತಿಪ್ಪತ್ತು ಜಾಲಿ ಗಿಡ. ಒಂದೊಂದರಲ್ಲೂ ಕಡ್ಡಿಗಳ ಗೂಡು ಒತ್ತೊತ್ತಾಗಿ. ಮೇಲೆ ಬೆಳ್ಳಕ್ಕಿ, ನಡುವೆ ನೀರುಕಾಗೆ, ಒಳಗಿನ ನೆರಳಲ್ಲಿ ಕೆಂಪು ಕಣ್ಣಿನ ಇರುಳು ಬಕ. ಎಲೆ, ಮುಳ್ಳು, ಟೊಂಗೆ ಎಲ್ಲಕ್ಕೂ ಸುಣ್ಣ ಹಚ್ಚಿದ ಹಾಗೆ ಬಿಳಿ ಬಣ್ಣ. ಗಾಳಿ ನಮ್ಮ ಕಡೆ ತಿರುಗಿದಾಗ ಕೋಳಿ ಫಾರ್ಮಿನ ವಾಸನೆ ಮೂಗಿಗೆ ಚುಚ್ಚಿತು. ಒಂದು ಗೂಡಿನಲ್ಲಿ ಮರಿಗಳು ತಾಯಿಯ ಕೊಕ್ಕಿಗೆ ಜೋತುಬಿದ್ದು ಎಳೆದಾಡುತ್ತಿದ್ದಾಗ ಅರ್ಧ ಕರಗಿದ ಮೀನೊಂದು ಜಾರಿ ನೀರಿಗೆ ಬಿತ್ತು. ಬಿದ್ದ ಜಾಗದಲ್ಲಿ ಸಣ್ಣ ಮೀನುಗಳು ಮುತ್ತಿ ನೀರು ಕುದಿದಂತಾಯಿತು.

ಅಲ್ಲೇ ಇಬ್ಬರ ನಡುವೆ ವಾದ ಹತ್ತಿತ್ತು. ಕೆರೆಯ ಮೀನು ಗುತ್ತಿಗೆ ಹಿಡಿದವರ ಕಡೆಯ ಹುಡುಗ ಸಿಟ್ಟಿನಲ್ಲಿದ್ದ. "ನೋಡ್ರಿ ಸರ, ಇವೇ ಹೇತು ಹೇತು ನೀರ ಹಸರ ಮಾಡ್ಯಾವ. ಮುಂಜಾನೆ ಮೀನ ಮ್ಯಾಲ ಬಂದು ಬಾಯಿ ಬಿಡಾಕತ್ತಾವ" ಎಂದ. ಪಕ್ಕದ ಹೊಲದ ಹಿರಿಯರು, ಊರಿನವರೆಲ್ಲ ಕಾಕಾ ಎಂದು ಕರೆಯುವವರು, ಒಪ್ಪಲಿಲ್ಲ. "ಏ, ಸುಮ್ನಿರೋ ತಮ್ಮಾ. ಈ ಗಿಡದ ಬುಡದ ಮಣ್ಣ ಹೊಲಕ್ಕ ಹಾಕಿದ ವರ್ಷ ನನ್ನ ಜ್ವಾಳ ಹೆಂಗ ಬಂದಿತ್ತು ಗೊತ್ತೈತೇನ ನಿನಗ? ಹೌದಿಲ್ಲೋ ಹೇಳ್ರಿ ಮಾಸ್ತರ" ಎಂದು ನನ್ನ ಕಡೆ ತಿರುಗಿದರು.

ನಾನು ರಸಾಯನಶಾಸ್ತ್ರ ಕಲಿಸುವವನು. ಇಬ್ಬರ ಮಾತಿನಲ್ಲೂ ಸತ್ಯವಿದೆ ಎಂದು ನನಗೆ ಗೊತ್ತಿತ್ತು, ಆದರೆ ಏರಿಯ ಮೇಲೆ ನಿಂತು ಅದನ್ನು ಐದು ನಿಮಿಷದಲ್ಲಿ ಬಿಡಿಸಿ ಹೇಳಲು ಆಗಲಿಲ್ಲ. ಅವತ್ತು ಹೇಳಲಾಗದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಹಿಕ್ಕೆಯನ್ನೇ ನೋಡೋಣ. ಹಕ್ಕಿಯ ಹಿಕ್ಕೆಯಲ್ಲಿ ಎರಡು ಬಣ್ಣ ಕಾಣುತ್ತವೆ. ಕಪ್ಪು ಅಥವಾ ಹಸಿರು ಭಾಗ ಜೀರ್ಣವಾಗದೆ ಉಳಿದ ಆಹಾರ. ಬಿಳಿ ಭಾಗ ನಮ್ಮ ಮೂತ್ರಕ್ಕೆ ಸಮ. ನಮ್ಮ ದೇಹ ಬೇಡದ ಸಾರಜನಕವನ್ನು ಯೂರಿಯಾ ರೂಪದಲ್ಲಿ ನೀರಿನೊಂದಿಗೆ ಹೊರಹಾಕುತ್ತದೆ. ಹಾರಬೇಕಾದ ಹಕ್ಕಿಗೆ ಅಷ್ಟು ನೀರು ಹೊತ್ತು ತಿರುಗುವುದು ಆಗದ ಮಾತು. ಹೀಗಾಗಿ ಅದು ಸಾರಜನಕವನ್ನು ಯೂರಿಕ್ ಆಮ್ಲವಾಗಿ ಮಾಡಿ ಬಿಳಿ ಹಿಟ್ಟಿನಂತೆ ಬಿಡುತ್ತದೆ. ಇದು ನೀರಿನಲ್ಲಿ ಬೇಗ ಕರಗುವುದಿಲ್ಲ. ಸೂಕ್ಷ್ಮಜೀವಿಗಳು ಇದನ್ನು ಒಡೆದಾಗ ಅಮೋನಿಯಾ ಬರುತ್ತದೆ. ಕೋಳಿ ಫಾರ್ಮಿನಲ್ಲಾಗಲಿ ಜಾಲಿ ಗಿಡದ ಕೆಳಗಾಗಲಿ ಮೂಗಿಗೆ ಚುಚ್ಚುವುದು ಇದೇ.

ಅಮೋನಿಯಾದ ಒಂದಷ್ಟು ಭಾಗ ಗಾಳಿಗೆ ಹಾರಿಹೋಗುತ್ತದೆ. ನೀರಿಗೆ ಬಿದ್ದದ್ದರಲ್ಲಿ ಒಂದಷ್ಟು ನೈಟ್ರೇಟ್ ಆಗಿ, ಆಮೇಲೆ ಕೆರೆಯ ತಳದ ಉಸಿರುಗಟ್ಟಿದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕು ಮತ್ತೆ ಸಾರಜನಕ ಅನಿಲವಾಗಿ ಮೇಲೇಳುತ್ತದೆ. ಅಂದರೆ ಸಾರಜನಕಕ್ಕೆ ಕೆರೆಯಿಂದ ತಪ್ಪಿಸಿಕೊಂಡು ಹೋಗುವ ದಾರಿಗಳಿವೆ.

ರಂಜಕಕ್ಕೆ, ಅಂದರೆ ಫಾಸ್ಫರಸ್ಸಿಗೆ, ಆ ದಾರಿ ಇಲ್ಲ. ಅದು ಗಾಳಿಯಾಗಿ ಹಾರುವುದಿಲ್ಲ. ನೀರಿನೊಂದಿಗೆ ಹರಿದು ಹೋಗಬೇಕು, ಇಲ್ಲವೇ ಹೂಳಿನಲ್ಲಿ ಕೂರಬೇಕು, ಇಲ್ಲವೇ ಯಾವುದಾದರೂ ಜೀವಿಯ ಮೈಯಲ್ಲಿ ಸೇರಿ ಹೊರಗೆ ಹೋಗಬೇಕು. ಕೆರೆಯ ಹಣೆಬರಹವನ್ನು ಹೆಚ್ಚಾಗಿ ರಂಜಕವೇ ಬರೆಯುವುದು ಇದೇ ಕಾರಣಕ್ಕೆ.

ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದ್ದು ಕೆನಡಾದ ಒಂಟಾರಿಯೊದಲ್ಲಿ 1973ರಲ್ಲಿ ಶುರುವಾದ ಒಂದು ಪ್ರಯೋಗ. ಡೇವಿಡ್ ಶಿಂಡ್ಲರ್ ಮತ್ತು ಅವರ ಜೊತೆಗಾರರು ಡಮರುವಿನಂತೆ ನಡು ಸಣ್ಣಗಿದ್ದ ಒಂದು ಸರೋವರವನ್ನು ಆರಿಸಿಕೊಂಡರು. 226 ಎಂಬ ಸಂಖ್ಯೆಯೇ ಅದರ ಹೆಸರು. ನಡುವಿನಲ್ಲಿ ಪರದೆ ಕಟ್ಟಿ ನೀರನ್ನು ಎರಡು ಭಾಗ ಮಾಡಿದರು. ಎರಡೂ ಕಡೆಗೆ ಇಂಗಾಲ ಮತ್ತು ಸಾರಜನಕ ಹಾಕಿದರು, ಒಂದು ಕಡೆಗೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಕಡೆ ನೀರು ಪಾಚಿಯಿಂದ ಹಚ್ಚ ಹಸಿರಾಯಿತು, ಇನ್ನೊಂದು ಕಡೆ ತಿಳಿಯಾಗೇ ಉಳಿಯಿತು. ಮೇಲಿನಿಂದ ತೆಗೆದ ಅದರ ಚಿತ್ರವನ್ನು ಪ್ರತಿ ವರ್ಷ ನನ್ನ ತರಗತಿಯಲ್ಲಿ ತೋರಿಸುತ್ತೇನೆ. ಒಂದೇ ಸರೋವರದ ಎರಡು ಬಣ್ಣ ನೋಡಿದ ಮೇಲೆ ಮಕ್ಕಳಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಒಂದು ಗ್ರಾಂ ರಂಜಕದಿಂದ ಹೆಚ್ಚೆಂದರೆ ಸುಮಾರು 500 ಗ್ರಾಂ ಹಸಿ ಪಾಚಿ ಬೆಳೆಯಬಲ್ಲದು. ಪಾಚಿಗೆ ರಂಜಕ ಬೇಕಾದದ್ದು ಹನಿಯಷ್ಟು, ಆದರೆ ಕೆರೆಯಲ್ಲಿ ಸಾಮಾನ್ಯವಾಗಿ ಕೊರತೆ ಬೀಳುವುದೂ ಅದೇ. ಕೊರತೆ ಇರುವ ಕಡೆ ಯಾರು ತಂದು ಹಾಕಿದರೂ ಫಲ ಕೂಡಲೇ ಕಾಣುತ್ತದೆ. ನಮ್ಮ ಹೊಲಕ್ಕೆ ಡಿಎಪಿ ಹಾಕಿದಾಗ ಆಗುವುದೂ ಇದೇ ಅಲ್ಲವೇ?

ಒಂದೇ ಗಿಡ, ಮೂರು ಲೆಕ್ಕ

ಈಗ ಆ ಜಾಲಿ ಗಿಡಕ್ಕೆ ಮರಳೋಣ. ಮೂರು ಜಾತಿಯ ಹಕ್ಕಿಗಳು ಒಂದೇ ಗಿಡದಲ್ಲಿವೆ, ಒಂದೇ ನೀರಿಗೆ ಹಿಕ್ಕೆ ಹಾಕುತ್ತಿವೆ. ಆದರೂ ಕೆರೆಯ ಮಟ್ಟಿಗೆ ಮೂರರ ಲೆಕ್ಕ ಬೇರೆ ಬೇರೆ.

ನೀರುಕಾಗೆ ಅದೇ ಕೆರೆಯಲ್ಲಿ ಮುಳುಗಿ ಮೀನು ಹಿಡಿಯುತ್ತದೆ, ಅದೇ ಕೆರೆಗೆ ಹಿಕ್ಕೆ ಹಾಕುತ್ತದೆ. ಮೀನಿನ ಮೈಯಲ್ಲಿದ್ದ ರಂಜಕ ಮೊದಲೂ ಕೆರೆಯದೇ, ಈಗಲೂ ಕೆರೆಯದೇ. ಒಂದು ಕಿಸೆಯ ದುಡ್ಡು ಇನ್ನೊಂದು ಕಿಸೆಗೆ ಹೋದಂತೆ, ಒಟ್ಟು ಮೊತ್ತ ಬದಲಾಗಲಿಲ್ಲ. ಆದರೂ ಏನೂ ಆಗಲಿಲ್ಲ ಎನ್ನುವಂತಿಲ್ಲ. ಮೀನಿನ ಮೂಳೆಯಲ್ಲಿ, ಮಾಂಸದಲ್ಲಿ ಬೀಗ ಹಾಕಿಟ್ಟಂತಿದ್ದ ರಂಜಕವನ್ನು ಹಕ್ಕಿ ಕೆಲವೇ ಗಂಟೆಗಳಲ್ಲಿ ಪಾಚಿ ಹೀರಬಹುದಾದ ರೂಪಕ್ಕೆ ತಂದು ಬಿಡುತ್ತದೆ. ಅಂದರೆ ಚಕ್ರ ಜೋರಾಗಿ ತಿರುಗುತ್ತದೆ.

ಬೆಳ್ಳಕ್ಕಿಯ ಕಥೆಯೇ ಬೇರೆ. ನಾನು ಹೇಳುತ್ತಿರುವುದು ದನದ ಹಿಂದೆ, ಟ್ರ್ಯಾಕ್ಟರ್ ಹಿಂದೆ ಸಾಲುಗಟ್ಟಿ ನಡೆಯುವ ಬೆಳ್ಳಕ್ಕಿ. ಮುಧೋಳ, ಜಮಖಂಡಿ ಕಡೆ ಕಬ್ಬಿನ ಹೊಲ ಮಗುಚುವಾಗ ನೇಗಿಲಿನ ಬೆನ್ನಿಗೇ ಇವು ಇರುತ್ತವೆ. ದಿನವಿಡೀ ಹೊಲದಲ್ಲಿ ಮಿಡತೆ, ಹುಳ ತಿಂದು ಸಂಜೆ ಕೆರೆಯ ಗಿಡಕ್ಕೆ ಬರುತ್ತವೆ. ಹೊಲದ ಸಾರವನ್ನು ಹೊಟ್ಟೆಯಲ್ಲಿ ಹೊತ್ತು ತಂದು ಕೆರೆಗೆ ಸುರಿಯುತ್ತವೆ. ಇದು ಕೆರೆಗೆ ಹೊರಗಿನಿಂದ ಬಂದ ಹೊಸ ಜಮೆ.

ಇರುಳು ಬಕ ಎರಡರ ನಡುವಿನದು. ಕತ್ತಲಾದ ಮೇಲೆ ಕ್ವಾಕ್ ಎಂದು ಕೂಗುತ್ತ ಹೊರಟು ಕಾಲುವೆ, ಹಳ್ಳ, ಇದೇ ಕೆರೆಯ ಅಂಚು ಎಲ್ಲ ಕಡೆ ತಿರುಗಿ ತಿಂದು ಬರುತ್ತದೆ. ಅದರ ಹಿಕ್ಕೆಯಲ್ಲಿ ಒಂದು ಪಾಲು ಹಳೆಯದು, ಒಂದು ಪಾಲು ಹೊಸದು.

ಹಾಗಾಗಿ ಹಕ್ಕಿಯಿಂದ ಕೆರೆಗೆ ಎಷ್ಟು ಗೊಬ್ಬರ ಬಂತು ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವ ಪ್ರಶ್ನೆ ಒಂದೇ: ಎಲ್ಲಿ ಉಂಡಿತು, ಎಲ್ಲಿ ಕೂತಿತು? ಬರೀ ತಲೆ ಎಣಿಸಿದರೆ ಉತ್ತರ ಸಿಗುವುದಿಲ್ಲ.

ಹಕ್ಕಿಗಳ ಹಿಕ್ಕೆಯಿಂದ ನೀರು ಸಮೃದ್ಧವಾಗುವುದಕ್ಕೆ ಗ್ವಾನೊಟ್ರೊಫಿಕೇಶನ್ ಎಂಬ ಹೆಸರೇ ಇದೆ. ನೆದರ್ಲೆಂಡ್ಸಿನ ಲೀಂಟ್‌ವಾರ್ ಎಂಬ ವಿಜ್ಞಾನಿ 1967ರಲ್ಲಿ ಇಂಥ ನೀರಿನ ಬಗ್ಗೆ ಬರೆದರು. ಗ್ವಾನೊ ಎಂದರೆ ಪೆರುವಿನ ಕೆಚುವಾ ಭಾಷೆಯಿಂದ ಬಂದ ಮಾತು, ಹಕ್ಕಿ ಹಿಕ್ಕೆಯ ಗೊಬ್ಬರ. ಮಳೆಯೇ ಇಲ್ಲದ ಪೆರು ಕರಾವಳಿಯ ದ್ವೀಪಗಳಲ್ಲಿ ಅದು ತೊಳೆದು ಹೋಗದೆ ಗುಡ್ಡವಾಗಿ ಬೆಳೆದಿತ್ತು. ರಾಸಾಯನಿಕ ಗೊಬ್ಬರ ಬರುವ ಮುಂಚೆ, 19ನೇ ಶತಮಾನದಲ್ಲಿ, ಹಡಗುಗಟ್ಟಲೆ ಅದನ್ನು ಯುರೋಪಿಗೆ ಸಾಗಿಸಿ ಹೊಲಗಳಿಗೆ ಹಾಕುತ್ತಿದ್ದರು. ಕಾಕಾನ ಜೋಳದ ಮಾತಿಗೆ ಇಷ್ಟು ದೊಡ್ಡ ಇತಿಹಾಸದ ಬೆಂಬಲವಿದೆ.

ಹೊರಗೆ ಉಂಡು ನೀರಿಗೆ ಬರುವ ಹಕ್ಕಿಗಳ ಪ್ರಭಾವ ಎಷ್ಟಿರಬಹುದು? ಅಮೆರಿಕದ ಮಿಶಿಗನ್ ರಾಜ್ಯದ ವಿಂಟರ್‌ಗ್ರೀನ್ ಸರೋವರದಲ್ಲಿ ಬಾತು, ಹೆಬ್ಬಾತುಗಳ ಹಿಕ್ಕೆಯ ಲೆಕ್ಕ ಹಾಕಿದವರು 1994ರಲ್ಲಿ ಪ್ರಕಟಿಸಿದ ಅಂಕಿಗಳು ಹೀಗಿವೆ: ಹೊರಗಿನಿಂದ ಆ ಸರೋವರಕ್ಕೆ ಸೇರುವ ಒಟ್ಟು ರಂಜಕದಲ್ಲಿ ಶೇ 70, ಸಾರಜನಕದಲ್ಲಿ ಶೇ 27 ಹಕ್ಕಿಗಳಿಂದಲೇ ಬಂದದ್ದು. ಎರಡು ಅಂಕಿಗಳ ನಡುವಿನ ಅಂತರ ಗಮನಿಸಿ. ಹಕ್ಕಿ ತರುವ ಗೊಬ್ಬರದಲ್ಲಿ ರಂಜಕದ ಪಾಲು ಹೆಚ್ಚು. ನೀರಿನಲ್ಲಿ ರಂಜಕ ಹೆಚ್ಚಾಗಿ ಸಾರಜನಕ ಸಾಲದೆ ಬಂದಾಗ ಗಾಳಿಯ ಸಾರಜನಕವನ್ನೇ ಹಿಡಿದು ಬದುಕಬಲ್ಲ ನೀಲಿ-ಹಸಿರು ಪಾಚಿಗೆ ಹಬ್ಬ. ಕೆಲವೊಮ್ಮೆ ವಿಷ ಬಿಡುವುದೂ ಇದೇ ಗುಂಪಿನ ಪಾಚಿ. ಬೇಸಿಗೆಯಲ್ಲಿ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ತೆಳ್ಳಗೆ ಕೆನೆಗಟ್ಟಿದ್ದರೆ ಅಲ್ಲಿ ದನಕ್ಕೆ ನೀರು ಕುಡಿಸಬೇಡಿ.

ಗೂಡು ಕಟ್ಟುವ ಕಾಲ ಯಾಕೆ ವಿಶೇಷ? ಸುಮ್ಮನೆ ಹಾದುಹೋಗುವ ಹಕ್ಕಿ ಇವತ್ತು ಈ ಕೆರೆ, ನಾಳೆ ಆ ಕೆರೆ. ಗೂಡು ಕಟ್ಟಿದ ಹಕ್ಕಿಗೆ ಎರಡು ತಿಂಗಳು ಒಂದೇ ವಿಳಾಸ. ಸುತ್ತಲಿನ ಹಲವು ಕಿಲೋಮೀಟರ್ ನೆಲದಿಂದ ತಿಂದದ್ದೆಲ್ಲ ಒಂದೇ ಗಿಡದ ಕೆಳಗೆ ಬಂದು ಬೀಳುತ್ತದೆ. ಮರಿಗಳ ಹಸಿವಿಗೆ ಮಿತಿಯೇ ಇಲ್ಲ, ತಂದೆತಾಯಿಗಳ ಓಡಾಟಕ್ಕೂ ಮಿತಿ ಇಲ್ಲ. ಹಿಕ್ಕೆಯ ಜೊತೆಗೆ ಜಾರಿಬಿದ್ದ ಮೀನು, ಒಡೆದ ಮೊಟ್ಟೆ, ಬದುಕದ ಮರಿ, ಗೂಡಿನ ಕಡ್ಡಿ ಎಲ್ಲವೂ ನೀರಿಗೆ. ಅದೂ ಇಡೀ ಕೆರೆಗೆ ಹರಡಿ ಅಲ್ಲ, ಹತ್ತಿಪ್ಪತ್ತು ಗಿಡದ ನೆರಳಿನಷ್ಟು ಜಾಗಕ್ಕೆ. ಆ ಗಿಡಗಳ ಕೆಳಗಿನ ನೀರು ತಂದು ಪರೀಕ್ಷಿಸಿದರೆ ಕೆರೆಯ ಇನ್ನೊಂದು ತುದಿಯ ನೀರಿಗೂ ಅದಕ್ಕೂ ಸಂಬಂಧವಿಲ್ಲ ಎನ್ನುವಷ್ಟು ವ್ಯತ್ಯಾಸ ಬರಬಹುದು. ನೀರಿನ ಮಾದರಿ ತೆಗೆಯುವವರು ಇದನ್ನು ಮರೆತರೆ ವರದಿ ಒಂದೋ ಹೆದರಿಸುತ್ತದೆ, ಇಲ್ಲವೇ ಮಲಗಿಸುತ್ತದೆ.

ಒಂದು ವಿಷಯ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಮರಿ ಬೆಳೆದು ಹಾರಿಹೋದಾಗ ತನ್ನ ಮೂಳೆ, ಮಾಂಸ, ರೆಕ್ಕೆಯಲ್ಲಿ ಒಂದಷ್ಟು ರಂಜಕ, ಸಾರಜನಕ ಹೊತ್ತುಕೊಂಡೇ ಹೋಗುತ್ತದೆ. ಕೆರೆಯ ಮೀನನ್ನೇ ತಿಂದು ಬೆಳೆದ ನೀರುಕಾಗೆಯ ಮರಿ ಹಾರಿದರೆ ಆ ಪಾಲು ಕೆರೆಯಿಂದ ಖರ್ಚು ಬಿದ್ದಂತೆ. ಹಕ್ಕಿ ಕೆರೆಗೆ ತರುವುದೂ ಉಂಟು, ಕೆರೆಯಿಂದ ಒಯ್ಯುವುದೂ ಉಂಟು.

ಡಿಎಪಿ ಚೀಲದ ಅಳತೆಯಲ್ಲಿ

ಇಷ್ಟಕ್ಕೂ ಪ್ರಮಾಣ ಎಷ್ಟು? ಡಿಎಪಿ ಚೀಲದ ಮೇಲೆ 18:46:0 ಎಂದು ಬರೆದಿರುತ್ತದೆ, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಶೇಕಡಾವಾರು ಪಾಲು. 50 ಕಿಲೋ ಚೀಲದಲ್ಲಿ 46 ಶೇಕಡಾ ಎಂದರೆ 23 ಕಿಲೋ. ಆದರೆ ಅದು ರಂಜಕದ ಆಕ್ಸೈಡ್ ಲೆಕ್ಕ. ಶುದ್ಧ ರಂಜಕ ಅದರಲ್ಲಿ ಸುಮಾರು 10 ಕಿಲೋ. ಒಂದು ಚೀಲಕ್ಕೆ 10 ಕಿಲೋ ಎಂದು ನೆನಪಿಟ್ಟುಕೊಳ್ಳಿ.

ಅಮೆರಿಕದ ಅದೇ ಅಧ್ಯಯನದ ಪ್ರಕಾರ ಒಂದು ಕೆನಡಾ ಹೆಬ್ಬಾತು ದಿನಕ್ಕೆ ಸುಮಾರು ಅರ್ಧ ಗ್ರಾಂ ರಂಜಕ ಬಿಡುತ್ತದೆ. ನಮ್ಮ ಕಡೆ ಚಳಿಗಾಲಕ್ಕೆ ಬರುವ ಪಟ್ಟೆತಲೆ ಹೆಬ್ಬಾತು ಅದಕ್ಕಿಂತ ಮೈಯಲ್ಲಿ ಸಣ್ಣದು. ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದ್ದರ ಹಿಂದೆ ಈ ಹೆಬ್ಬಾತಿನ ದೊಡ್ಡ ಪಾಲಿದೆ. ಇದು ಇಲ್ಲಿ ಗೂಡು ಕಟ್ಟುವುದಿಲ್ಲ, ಆದರೆ ಹೊಲದಲ್ಲಿ ಮೇಯ್ದು ಕೆರೆಯಲ್ಲಿ ವಿಶ್ರಮಿಸುತ್ತದೆ, ಅಂದರೆ ಬೆಳ್ಳಕ್ಕಿಯ ಲೆಕ್ಕವೇ. ಸುಲಭಕ್ಕೆ ಅರ್ಧ ಗ್ರಾಂ ಎಂದೇ ಹಿಡಿಯೋಣ. ಸಾವಿರ ಹಕ್ಕಿ, 120 ದಿನ, ಎಲ್ಲ ಹಿಕ್ಕೆಯೂ ನೀರಿಗೇ ಬಿತ್ತು ಎಂದುಕೊಂಡರೆ 60 ಕಿಲೋ ರಂಜಕ. ಆರು ಚೀಲ ಡಿಎಪಿ.

ಆರು ಚೀಲ ಹೆಚ್ಚೋ ಕಡಿಮೆಯೋ ಎಂಬುದನ್ನು ಕೆರೆಯೇ ಹೇಳಬೇಕು. 25 ಎಕರೆಯ, ಒಂದೂವರೆ ಮೀಟರ್ ಆಳದ ಊರ ಕೆರೆ ಎಂದುಕೊಳ್ಳಿ. ಅದರಲ್ಲಿ ಸುಮಾರು 15 ಕೋಟಿ ಲೀಟರ್ ನೀರು. 60 ಕಿಲೋವನ್ನು ಅದರಲ್ಲಿ ಕಲಸಿದರೆ ಲೀಟರಿಗೆ 400 ಮೈಕ್ರೊಗ್ರಾಂ. ಲೀಟರಿಗೆ 35 ಮೈಕ್ರೊಗ್ರಾಂ ಆಸುಪಾಸು ದಾಟಿದ ಸರೋವರವನ್ನು ಗೊಬ್ಬರ ಮಿತಿಮೀರಿದ ನೀರು ಎಂದು ತಜ್ಞರು ಲೆಕ್ಕಕ್ಕೆ ಹಿಡಿಯುತ್ತಾರೆ. ಬಹುಪಾಲು ಹೂಳಿಗೆ ಇಳಿದರೂ ಉಳಿದದ್ದು ನೀರು ಹಸಿರಾಗಲು ಸಾಕು. ಅದೇ 60 ಕಿಲೋವನ್ನು ತುಂಬಿದ ಆಲಮಟ್ಟಿಗೆ ಹಾಕಿ ನೋಡಿ. 123 ಟಿಎಂಸಿ ನೀರಿನಲ್ಲಿ ಅದು ಲೀಟರಿಗೆ ಒಂದು ಮೈಕ್ರೊಗ್ರಾಂನ ಐವತ್ತನೇ ಒಂದು ಪಾಲೂ ಆಗುವುದಿಲ್ಲ.

ಹಕ್ಕಿ ಅವೇ, ಹಿಕ್ಕೆ ಅಷ್ಟೇ. ಒಂದು ಕಡೆ ಕೆರೆಯ ಬಣ್ಣ ಬದಲಾಗುತ್ತದೆ, ಇನ್ನೊಂದು ಕಡೆ ಯಾವ ಯಂತ್ರಕ್ಕೂ ಸಿಗುವುದಿಲ್ಲ. ಆದರೆ ಆಲಮಟ್ಟಿಯನ್ನೂ ಒಂದೇ ಪಾತ್ರೆ ಎಂದು ನೋಡುವಂತಿಲ್ಲ. ಬೇಸಿಗೆಯಲ್ಲಿ ಬಾಗಲಕೋಟೆ, ಬೀಳಗಿ ಕಡೆಯ ಹಿನ್ನೀರು ಸರಿದಾಗ ಅಂಚಿನಲ್ಲಿ ಮೊಣಕಾಲುದ್ದದ ತೆಳುನೀರಿನ ಮಡುಗಳು ಉಳಿಯುತ್ತವೆ. ಫ್ಲೆಮಿಂಗೊಗಳು ಇಳಿಯುವುದು ಅಂಥ ಕಡೆಯೇ. ಅವು ನಮ್ಮಲ್ಲಿ ಮರಿ ಮಾಡುವುದಿಲ್ಲ, ದೇಶದಲ್ಲಿ ಅವುಗಳ ದೊಡ್ಡ ತವರು ಕಛ್‌ನ ರಣ. ಇಲ್ಲಿ ಅವು ಕಾಲಲ್ಲಿ ಕೆಸರು ತುಳಿದು, ತಲೆ ತಿರುವಿ ಕೊಕ್ಕಿನಲ್ಲಿ ಸೋಸಿ ತಿನ್ನುತ್ತವೆ. ಹಾಗೆ ತುಳಿಯುವಾಗ ಹೂಳಿನಲ್ಲಿ ಮಲಗಿದ್ದ ರಂಜಕ ಮತ್ತೆ ನೀರಿಗೆ ಏಳುತ್ತದೆ. ಹಿಕ್ಕೆ ಹಾಕದೆಯೂ ಹಕ್ಕಿ ನೀರಿನ ಗೊಬ್ಬರ ಹೆಚ್ಚಿಸುವ ಬಗೆ ಇದು.

ಬೆಳಗಾವಿ ಜಿಲ್ಲೆಯ ಧೂಪದಾಳದಲ್ಲಿ ಸ್ಥಿತಿ ಮತ್ತೊಂದು ಬಗೆ. 1974ರಲ್ಲಿ ಘೋಷಿಸಿದ ಘಟಪ್ರಭಾ ಪಕ್ಷಿಧಾಮ ಇರುವುದು ಬ್ರಿಟಿಷರ ಕಾಲದ ಒಡ್ಡಿನ ಹಿಂದಿನ ನೀರಿನಲ್ಲಿ. ಅದು ಹರಿವ ನದಿ. ಮಳೆಗಾಲದಲ್ಲಿ ಒಡ್ಡು ದಾಟಿ, ಗೋಕಾಕ ಜಲಪಾತ ಧುಮುಕಿ, ಹಕ್ಕಿ ಹಾಕಿದ್ದೂ ಊರು ಹಾಕಿದ್ದೂ ಎಲ್ಲ ಕೆಳಗೆ ಸಾಗುತ್ತವೆ. ಘಟಪ್ರಭೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ, ಅಂದರೆ ಅಲ್ಲಿ ತೊಳೆದು ಹೋದದ್ದು ಬಂದು ನಿಲ್ಲುವುದು ಆಲಮಟ್ಟಿಯ ಹಿನ್ನೀರಿನಲ್ಲೇ.

ನನಗೆ ಹೆಚ್ಚು ಚಿಂತೆ ವಿಜಯಪುರದ ಕೆರೆಗಳದ್ದು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯ ಸೀಮೆ. ಆದಿಲ್‌ಶಾಹಿ ಕಾಲದ ಮಮದಾಪುರ ಕೆರೆಯಂಥವು ಬತ್ತಿ ಬಿರುಕು ಬಿಟ್ಟಿದ್ದನ್ನು ನೋಡಿದವರು ಕೃಷ್ಣೆಯ ನೀರು ಪೈಪಿನಲ್ಲಿ ಬಂದು ತುಂಬಿದಾಗ ಕಣ್ಣಲ್ಲಿ ನೀರು ತಂದುಕೊಂಡರು. ನೀರಿನ ಹಿಂದೆಯೇ ಹಕ್ಕಿಯೂ ಬಂತು. ಅದು ನಿಜಕ್ಕೂ ಸಂತೋಷದ ಸಂಗತಿ. ಆದರೆ ಪಂಪಿನಿಂದ ತುಂಬಿದ ಕೆರೆ ಕೋಡಿ ಬೀಳುವುದು ಅಪರೂಪ. ಒಳಗೆ ಬಂದ ನೀರು ಇಂಗುತ್ತದೆ, ಹೊಲಕ್ಕೆ ಹೋಗುತ್ತದೆ, ಬಹಳಷ್ಟು ಬಿಸಿಲಿಗೆ ಆವಿಯಾಗುತ್ತದೆ. ಆವಿಯ ಜೊತೆ ರಂಜಕ ಹೋಗುವುದಿಲ್ಲ. ಕಟ್ಟಿನ ಸಾರನ್ನು ಒಲೆಯ ಮೇಲೆ ಮರೆತರೆ ನೀರು ಇಂಗಿ ಉಪ್ಪು, ಖಾರ ಏರುವುದಿಲ್ಲವೇ, ಹಾಗೆ. ಪ್ರತಿ ವರ್ಷ ಹೊಸ ನೀರು, ಹೊಸ ಹಿಕ್ಕೆ, ಹೊಲದಿಂದ ಹರಿದ ಹೊಸ ಗೊಬ್ಬರ. ಹಳೆಯದಕ್ಕೆ ಹೊರಗೆ ಹೋಗುವ ಬಾಗಿಲಿಲ್ಲ.

ಮುಂಜಾನೆ ಮೀನು ಬಾಯಿ ಬಿಡುವುದೇಕೆ

ಮೀನಿನ ಹುಡುಗನ ಮಾತಿಗೆ ಈಗ ಬರೋಣ. ಮೀನು ಬಾಯಿ ಬಿಡುವುದನ್ನು ಅವನು ಕಂಡದ್ದು ಮುಂಜಾನೆ, ಮಧ್ಯಾಹ್ನ ಅಲ್ಲ. ಇಡೀ ವಿಷಯದ ಗುಟ್ಟು ಅಲ್ಲೇ ಇದೆ.

ಪಾಚಿ ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ. ಮಧ್ಯಾಹ್ನ ಹಸಿರು ಕೆರೆಯ ನೀರಿನಲ್ಲಿ ಆಮ್ಲಜನಕ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ. ಪಾಚಿಯೂ ಎಲ್ಲರಂತೆ ಹಗಲು ರಾತ್ರಿ ಉಸಿರಾಡುತ್ತದೆ, ಆದರೆ ಸೂರ್ಯ ಮುಳುಗಿದ ಮೇಲೆ ಅದು ಆಮ್ಲಜನಕ ಬಿಡುವುದು ನಿಲ್ಲುತ್ತದೆ. ಪಾಚಿ, ಮೀನು, ತಳದಲ್ಲಿ ಕೊಳೆಯುವುದನ್ನು ತಿನ್ನುವ ಬ್ಯಾಕ್ಟೀರಿಯಾ ಎಲ್ಲರೂ ಸೇರಿ ರಾತ್ರಿಯಿಡೀ ಆಮ್ಲಜನಕ ಖರ್ಚು ಮಾಡುತ್ತಾರೆ, ಗಳಿಸುವವರು ಯಾರೂ ಇಲ್ಲ. ನಸುಕಿನ ಹೊತ್ತಿಗೆ ಖಜಾನೆ ಖಾಲಿ. ಮೀನು ಮೇಲೆ ಬಂದು ಗಾಳಿಗೆ ತಾಗಿದ ತೆಳ್ಳನೆಯ ಪದರದಲ್ಲಿ ಉಸಿರು ಹುಡುಕುತ್ತದೆ. ಮೋಡ ಕವಿದ ದಿನದ ಮರುದಿನ ಇದು ಇನ್ನೂ ಕೆಟ್ಟದಾಗಿರುತ್ತದೆ, ಯಾಕೆಂದರೆ ಹಗಲಿನ ಗಳಿಕೆಯೇ ಕಡಿಮೆ.

ಮಧ್ಯಾಹ್ನಕ್ಕೂ ಅದರದೇ ಅಪಾಯವಿದೆ. ಪಾಚಿ ಜೋರಾಗಿ ಬೆಳೆಯುವಾಗ ನೀರಿನ ಕ್ಷಾರಗುಣ ಏರುತ್ತದೆ. ಆಗ ಹಿಕ್ಕೆಯಿಂದ ಬಂದ ಅಮೋನಿಯಮ್, ಅಂದರೆ ಅಮೋನಿಯಾ ನೀರಿನಲ್ಲಿ ತಾಳುವ ಸೌಮ್ಯ ರೂಪ, ಮೀನಿನ ಕಿವಿರು ಸುಡುವ ಅಮೋನಿಯಾ ಆಗಿ ಬದಲಾಗುತ್ತದೆ. ತಳದಲ್ಲಿ ಆಮ್ಲಜನಕ ಮುಗಿದಾಗ ಇನ್ನೊಂದು ಕೆಲಸ ನಡೆಯುತ್ತದೆ. ಹೂಳಿನಲ್ಲಿ ಕಬ್ಬಿಣದ ಕೈ ಹಿಡಿದು ಕೂತಿದ್ದ ರಂಜಕ ಆ ಕೈ ಬಿಡಿಸಿಕೊಂಡು ಮೇಲೆ ಬರುತ್ತದೆ. ಹತ್ತು ವರ್ಷದ ಹಿಂದೆ ಬಿದ್ದ ಹಿಕ್ಕೆ ಈ ವರ್ಷ ಪಾಚಿಯಾಗಬಹುದು. ಹಕ್ಕಿಯನ್ನು ಓಡಿಸಿದರೂ ನೀರು ಒಮ್ಮೆಲೇ ತಿಳಿಯಾಗದಿರುವುದಕ್ಕೆ ಇದೇ ಕಾರಣ.

ಆದರೆ ಆ ಹುಡುಗನಿಗೆ ನಾನು ಕೇಳಬೇಕಿದ್ದ ಪ್ರಶ್ನೆ ಬೇರೆ ಇತ್ತು: ಊರಿನ ಗಟಾರ ಎಲ್ಲಿಗೆ ಹೋಗುತ್ತದೆ? ಒಬ್ಬ ಮನುಷ್ಯನ ಮಲಮೂತ್ರದಲ್ಲಿ ದಿನಕ್ಕೆ ಒಂದು ಗ್ರಾಂಗಿಂತ ಹೆಚ್ಚು ರಂಜಕ ಇರುತ್ತದೆ. ಒಂದೇ ಗ್ರಾಂ ಎಂದಿಟ್ಟುಕೊಂಡರೂ ಹತ್ತು ಸಾವಿರ ಜನರ ಊರಿನಿಂದ ದಿನಕ್ಕೆ 10 ಕಿಲೋ, ದಿನಕ್ಕೊಂದು ಡಿಎಪಿ ಚೀಲ. ಸಾವಿರ ಹೆಬ್ಬಾತುಗಳು ನಾಲ್ಕು ತಿಂಗಳಲ್ಲಿ ತಂದದ್ದನ್ನು ಆ ಊರು ಆರು ದಿನದಲ್ಲಿ ಹರಿಸುತ್ತದೆ. ಇದರಲ್ಲಿ ಹೊಲದಿಂದ ಮಳೆನೀರಿನೊಂದಿಗೆ ಹರಿದ ಗೊಬ್ಬರ ಸೇರಿಲ್ಲ, ಮೀನು ಬೇಗ ಬೆಳೆಯಲೆಂದು ಕೆಲವು ಕೆರೆಗಳಿಗೆ ಸುರಿಯುವ ಸಗಣಿಯೂ ಸೇರಿಲ್ಲ. ಗಟಾರ ಕಣ್ಣಿಗೆ ಕಾಣದಂತೆ ಬರುತ್ತದೆ, ಹಕ್ಕಿ ಕಣ್ಣೆದುರೇ ಹಾಕುತ್ತದೆ. ಬೈಗುಳ ಮಾತ್ರ ಹಕ್ಕಿಯ ಪಾಲಿಗೆ. ಇದು ನನಗೆ ತುಂಬಾ ನೋವಿನ ಸಂಗತಿ, ಯಾಕೆಂದರೆ ಈ ಬೈಗುಳವೇ ಮುಂದೆ ಕೊಡಲಿಯಾಗಿ ಗೂಡಿನ ಗಿಡಕ್ಕೆ ಬೀಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಯ ಗೂಡು, ಮೊಟ್ಟೆ ಹಾಳುಮಾಡುವುದನ್ನು ಬೇಟೆ ಎಂದೇ ಪರಿಗಣಿಸುತ್ತದೆ ಎಂಬುದು ಹಳ್ಳಿಗಳಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ.

ಗಟಾರದ್ದೋ ಹಕ್ಕಿಯದೋ ಎಂದು ನೀರನ್ನು ಕೇಳಿ ತಿಳಿಯುವ ಉಪಾಯ ಒಂದಿದೆ. ಸಾರಜನಕದಲ್ಲಿ ಹಗುರವಾದ 14 ಮತ್ತು ತುಸು ಭಾರವಾದ 15 ಎಂಬ ಎರಡು ಬಗೆ. ಹಿಕ್ಕೆಯಿಂದ ಅಮೋನಿಯಾ ಹಾರುವಾಗ ಹಗುರವಾದದ್ದು ಮೊದಲು ಹೋಗುತ್ತದೆ, ಭಾರದ್ದು ಹಿಂದೆ ಉಳಿಯುತ್ತದೆ. ಗೂಡಿನ ಗಿಡದ ಬುಡದ ಮಣ್ಣಿನಲ್ಲಿ, ಅಲ್ಲಿ ಬೆಳೆದ ಜೊಂಡಿನಲ್ಲಿ 15ರ ಪಾಲು ಹೆಚ್ಚಿರುತ್ತದೆ. ರಾಸಾಯನಿಕ ಗೊಬ್ಬರದ ಗುರುತು ಬೇರೆ. ಗಟಾರದ ಗುರುತು ಮಾತ್ರ ಹಕ್ಕಿಯದಕ್ಕೆ ಹತ್ತಿರವಿರುವುದರಿಂದ ಇದೊಂದೇ ಪರೀಕ್ಷೆಯ ಮೇಲೆ ತೀರ್ಪು ಕೊಡಲಾಗುವುದಿಲ್ಲ. ಕಾಲ, ಜಾಗ, ಹಕ್ಕಿಗಳ ಎಣಿಕೆ ಎಲ್ಲ ಸೇರಿಸಿ ನೋಡಬೇಕು.

ಹಕ್ಕಿಯ ಗೊಬ್ಬರವನ್ನು ಶಾಪ ಎಂದು ನೋಡದೆ ಬಳಸಿಕೊಂಡ ಊರುಗಳು ನಮ್ಮ ಸುತ್ತಲೇ ಇವೆ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಊರ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಜನ ಮರದ ಕೆಳಗೆ ಗುಂಡಿ ತೋಡಿ, ಕೆರೆಯ ಗೋಡು ಹಾಕಿ, ಮೇಲಿಂದ ಬಿದ್ದ ಹಿಕ್ಕೆಯನ್ನು ಅದರಲ್ಲಿ ಕಲೆಸಿ ಹೊಲಕ್ಕೆ ಒಯ್ಯುತ್ತಾರೆ. ತಮಿಳುನಾಡಿನ ವೇಡಂತಾಂಗಲ್ ರೈತರು 18ನೇ ಶತಮಾನದ ಕೊನೆಯಲ್ಲೇ ಬ್ರಿಟಿಷ್ ಕಲೆಕ್ಟರ್‌ನಿಂದ ತಮ್ಮ ಕೆರೆಯ ಹಕ್ಕಿಗಳಿಗೆ ರಕ್ಷಣೆಯ ಆದೇಶ ಪಡೆದುಕೊಂಡರು. ಆ ಕೆರೆಯ ನೀರು ಹಾಯಿಸಿದರೆ ಬೇರೆ ಗೊಬ್ಬರದ ಖರ್ಚು ಕಡಿಮೆ ಎಂದು ಅವರಿಗೆ ಗೊತ್ತಿತ್ತು. ಎರಡೂ ಕಡೆ ಗೊಬ್ಬರ ನೀರಿನಲ್ಲಿ ಕೂಡಿಬೀಳದೆ ಹೊಲಕ್ಕೆ ಹೋಗುತ್ತದೆ.

ನಮ್ಮ ಊರ ಕೆರೆಗೂ ರಂಜಕ ಹೊರಹೋಗುವ ಬಾಗಿಲುಗಳಿವೆ. ಮೀನು ಅದರಲ್ಲೊಂದು. ಒಂದು ಟನ್ ಮೀನಿನ ಮೈಯಲ್ಲಿ ನಾಲ್ಕೈದು ಕಿಲೋ ರಂಜಕವಿರುತ್ತದೆ. ಆ ಹುಡುಗ ಬಲೆ ಎಳೆದು ಪೇಟೆಗೆ ಕಳಿಸಿದಾಗಲೆಲ್ಲ ಕೆರೆಯನ್ನು ಅಷ್ಟು ಹಗುರ ಮಾಡುತ್ತಿದ್ದಾನೆ, ಅವನಿಗೇ ಅದು ತಿಳಿದಿಲ್ಲ. ಹಕ್ಕಿಯ ಹಿಕ್ಕೆಯಿಂದ ಹುಟ್ಟಿದ ಸೂಕ್ಷ್ಮಜೀವಿಗಳನ್ನು ತಿಂದೇ ಅವನ ಮೀನಿನ ಒಂದು ಪಾಲು ಬೆಳೆದಿದೆ ಎಂಬುದೂ ತಿಳಿದಿಲ್ಲ. ನೀರು ಒಳಬರುವ ಕಡೆ ಜೊಂಡು, ಆಪು ಬೆಳೆಯಲು ಬಿಟ್ಟರೆ ಅವೂ ಒಂದಷ್ಟು ಹೀರಿಕೊಳ್ಳುತ್ತವೆ. ಕೊಯ್ದು ಹೊರಗೆ ಹಾಕಬೇಕು ಅಷ್ಟೇ, ಅಲ್ಲೇ ಕೊಳೆತರೆ ಹೀರಿದ್ದೆಲ್ಲ ಮತ್ತೆ ನೀರಿಗೆ.

ಎಲ್ಲಕ್ಕಿಂತ ದೊಡ್ಡ ಬಾಗಿಲು ಹೂಳು. ಬೇಸಿಗೆಯಲ್ಲಿ, ಮರಿಗಳೆಲ್ಲ ಹಾರಿದ ಮೇಲೆ, ಗೂಡಿನ ಗಿಡದ ಬೇರಿಗೆ ಪೆಟ್ಟಾಗದಂತೆ ಸುತ್ತಲಿನ ಹೂಳು ಎತ್ತಿದರೆ ಕೆರೆಗೂ ಹೊಲಕ್ಕೂ ಲಾಭ. ಯುಗಾದಿ ಕಳೆದು ಎರಡು ವಾರಕ್ಕೆ ಕಾಕಾ ಫೋನ್ ಮಾಡಿ ಕರೆದರು. ನಾನು ಹೋಗುವಷ್ಟರಲ್ಲಿ ನೀರು ಗಿಡಗಳಿಂದ ದೂರ ಸರಿದಿತ್ತು. ಮಳೆಗೆ ತೊಳೆದು ಎಲೆಗಳು ಮತ್ತೆ ಹಸಿರಾಗಿದ್ದವು, ಖಾಲಿ ಗೂಡುಗಳು ಹಾಗೇ ಇದ್ದವು. ಟ್ರ್ಯಾಕ್ಟರಿನ ಟ್ರೇಲರ್ ಅರ್ಧ ತುಂಬಿತ್ತು, ಸಲಿಕೆ ಹಿಡಿದವರಲ್ಲಿ ಮೀನಿನ ಹುಡುಗನೂ ಇದ್ದ. ಕಾಕಾ ಟ್ರೇಲರಿನಿಂದ ಒಂದು ಹೆಂಟೆ ತೆಗೆದು ಅಂಗೈಯಲ್ಲಿ ಮುರಿದರು. ಕರಿ ಮಣ್ಣಿನ ನಡುವೆ ಬಿಳಿ ಪುಡಿ, ಒಂದು ಸಣ್ಣ ಗರಿ, ಸೂಜಿಯಷ್ಟು ತೆಳ್ಳಗಿನ ಮೀನಿನ ಮೂಳೆ. ಮೂಳೆಯನ್ನು ಉಗುರಿನಿಂದ ಎತ್ತಿ ಹುಡುಗನಿಗೆ ತೋರಿಸಿ, "ನಿನ್ನ ಮೀನ ನನ್ನ ಹೊಲಕ್ಕ ಬರಾಕತ್ತಾವ ನೋಡೋ" ಎಂದು ಹೇಳಿ, ಅದನ್ನು ಮತ್ತೆ ಅದೇ ಮಣ್ಣಿನಲ್ಲಿ ಒತ್ತಿ ಟ್ರೇಲರಿಗೆ ಹಾಕಿದರು.